ಪಂಚಾಂಗ ನೋಡಿ ದೋಣಿ

ಅಘನಾಶಿನಿ ಅಳಿವೆಯಲ್ಲಿ ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಕರೆದೊಯ್ಯುವುದು ನನ್ನ ಕೆಲಸ. ‘ನಾಳೆಯೂ ಇದೇ ಹೊತ್ತಿಗೆ ಬರ್ತೀವಿ’ ಅಂದರೆ ನಗು ಬರುತ್ತದೆ. ಉಬ್ಬರ ದಿನವೂ ಸುಮಾರು 50 ನಿಮಿಷ ತಡವಾಗುತ್ತದಲ್ಲ! ಅದಕ್ಕೇ ನಮ್ಮನೆಯಲ್ಲಿ ಗಡಿಯಾರಕ್ಕಿಂತ ಪಂಚಾಂಗಕ್ಕೆ ಮರ್ಯಾದೆ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಷ್ಟಮಿಗೆ ಏರಿಳಿತ ಕಡಿಮೆ.

ಉಬ್ಬರದ ಜೊತೆ ಕಾಂಡ್ಲಾ ಬುಡಕ್ಕೆ ಬಂದ ಮೀನು ಇಳಿತದಲ್ಲಿ ಹೊರಗೆ ಸರಿಯುತ್ತದೆ. ಗಾಳಕ್ಕೆ ಕಚ್ಚುವ ಆ ಹೊತ್ತಲ್ಲೇ ‘ಸಾಕು, ಹೊರಡೋಣ’ ಅನ್ನಬೇಕು. ಬಂದವರ ಮುಖ ಸಪ್ಪಗಾಗುತ್ತದೆ, ಕೈಗೆ ಬರುವ ಭಕ್ಷೀಸು ತಪ್ಪುತ್ತದೆ. ಮಗಳ ಫೀಸು ನೆನಪಾದರೂ ದೋಣಿ ತಿರುಗಿಸುತ್ತೇನೆ. ಕೆಸರಲ್ಲಿ ಕೂತರೆ ನೀರು ಮತ್ತೆ ಏರುವವರೆಗೆ ತಾಸುಗಟ್ಟಲೆ ಬಿಸಿಲಲ್ಲಿ ಕಾಯಬೇಕು. ಇಳಿದು ನಡೆಯೋಣ ಅಂದರೆ ಕಾಲು ಹೂತುಹೋಗುತ್ತದೆ.

ನೀವು ಬಂದಾಗ ದೋಣಿಯವ ‘ಸಾಕು’ ಅಂದರೆ ಬೇಜಾರು ಮಾಡ್ಕೋಬೇಡಿ. ಅವನು ನೀರು ನೋಡಿರ್ತಾನೆ.