ಆರೋಗ್ಯ ವಿಚಾರ: ಕಾಲು ಬಾತರೆ ಎದೆಯ ಕಡೆ ನೋಡಿ



ನಾನು ಡಾಕ್ಟರನಲ್ಲ, ಮ್ಯಾಟ್ರಿಕ್ ಓದಿದ ವ್ಯಾಪಾರಿ. ಡಾಕ್ಟರರು ನನಗೆ ತಿಳಿಸಿಕೊಟ್ಟದ್ದು ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಸಂಜೆಯಾದರೆ ನನ್ನ ಎರಡೂ ಕಾಲಿಗೆ ಬಾವು ಬರುತ್ತಿತ್ತು. ದಿನವಿಡೀ ಗಾದಿಯ ಮೇಲೆ ಕೂಡುವವರಿಗೆ ಇದು ಇದ್ದದ್ದೇ ಎಂದುಕೊಂಡೆ. ರಾತ್ರಿ ಮಲಗಿದರೆ ದಮ್ಮು. ಒಂದು ತಲೆದಿಂಬು ಹೋಗಿ ಮೂರಾದವು. ಅದಕ್ಕೆ ಗ್ಯಾಸ್ ಎಂದು ಹೆಸರಿಟ್ಟೆ. ಒಂದು ದಿನ ಮನೆಯಾಕೆ ಪಾದದ ಗಂಟಿನ ಹತ್ತಿರ ಬೆರಳಿನಿಂದ ಒತ್ತಿ, “ಏನ್ರೀ, ಕುಣಿ ಬಿದ್ದದ್ದು ಹಂಗೇ ಉಳೀತಲ್ಲ! ನಾಳೆ ಅಂಗಡಿ ಬ್ಯಾಡ, ಮೊದಲು ದವಾಖಾನಿಗೆ ನಡೀರಿ” ಅಂದಳು. ಎಕೋ ಪರೀಕ್ಷೆಯಲ್ಲಿ ಹೃದಯದ ಶಕ್ತಿ ಕುಂದಿದ್ದು ಕಂಡಿತು.

ಹೃದಯವೆಂದರೆ ಒಂದೇ ಗೋಡೆಯ ಎರಡು ಅಂಗಡಿ. ಬಲಗಡೆಯದು ಮೈಯಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಗಡೆಯದು ಅಲ್ಲಿಂದ ಶುದ್ಧವಾಗಿ ಬಂದದ್ದನ್ನು ಮೈಗೆಲ್ಲ ಹಂಚುತ್ತದೆ. ಸುಮ್ಮನೆ ಕೂತಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್. ನಿಮಿಷಕ್ಕೆ 72 ಬಡಿತವೆಂದರೆ ದಿನಕ್ಕೆ 1 ಲಕ್ಷ ದಾಟುತ್ತದೆ. ಜಾವಕ ಕುಂದಿದರೆ ಆವಕ ಮಾಲು ಬಾಗಿಲಲ್ಲೇ ನಿಲ್ಲುವುದಷ್ಟೆ. ಎಡಗಡೆ ಸೋತರೆ ರಕ್ತ ಶ್ವಾಸಕೋಶದಲ್ಲಿ ತಂಗುತ್ತದೆ. ಮಲಗಿದಾಗ ಕಾಲಿನ ರಕ್ತವೂ ಎದೆಗೆ ಬಂದು ದಮ್ಮು ಹೆಚ್ಚುತ್ತದೆ. ಬಲಗಡೆ ಸೋತರೆ ಕಾಲು ಬಾಯುತ್ತವೆ, ಕುತ್ತಿಗೆಯ ನರ ಉಬ್ಬುತ್ತದೆ. ತನಗೆ ರಕ್ತ ಸಾಲದೆಂದು ಮೂತ್ರಪಿಂಡ ಉಪ್ಪು-ನೀರನ್ನು ಹಿಡಿದಿಡುತ್ತದೆ. ತೂಕ ಏರುತ್ತದೆ.

ನನ್ನ ತಪ್ಪು ಹೇಳಿಬಿಡುತ್ತೇನೆ. ತಲೆನೋವು ನಿಂತಿತೆಂದು ಬಿಪಿ ಗುಳಿಗೆ ಬಿಟ್ಟಿದ್ದೆ. ಬಿಪಿ ಸದ್ದಿಲ್ಲದ ಸಾಲ, ಬಡ್ಡಿ ಹೃದಯ ಕಟ್ಟುತ್ತದೆ.

ಈಗ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ತೂಕ ಬರೆದಿಡುತ್ತೇನೆ. ಮೂರು ದಿನದಲ್ಲಿ 2 ಕಿಲೋ ಏರಿದರೆ ಡಾಕ್ಟರರ ಕಡೆ ಹೋಗುವುದು. ಹಪ್ಪಳ, ಉಪ್ಪಿನಕಾಯಿ ಬಿಟ್ಟಿದ್ದೇನೆ. ಮೂತ್ರದ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ನಿರ್ಜಲ ಉಪವಾಸ ಹಿಡಿಯಬೇಡಿ. ಶಕ್ತಿಗೆ ತಕ್ಕ ತಪವನ್ನೇ ನಮ್ಮ ಧರ್ಮವೂ ಹೇಳಿದೆ.

ಎಲ್ಲ ಬಾವೂ ಹೃದಯದ್ದಲ್ಲ. ಮೂತ್ರಪಿಂಡ, ಯಕೃತ್ತು, ಕೆಲವು ಬಿಪಿ ಗುಳಿಗೆಯಿಂದಲೂ ಬರುತ್ತದೆ. ಪರೀಕ್ಷೆಯಿಂದಲೇ ತಿಳಿಯಬೇಕು. ಆದರೆ ಕೂತಲ್ಲೇ ದಮ್ಮು, ಎದೆ ಬಿಗಿತ, ತಣ್ಣನೆ ಬೆವರು ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಇವತ್ತು ಸಂಜೆ ಗಲ್ಲಾ ಎಣಿಸುವ ಮೊದಲು ಒಮ್ಮೆ ಕಾಲನ್ನೂ ಒತ್ತಿ ನೋಡಿರಿ.