ಓಕ್ ನೆಲವೂ ನಮ್ಮ ಒದ್ದೆ ಬಟ್ಟೆಯೂ

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನ್ನಂಥವರಿಗೆ ಓಕ್ ಎಂದರೆ ಪುಸ್ತಕದೊಳಗಿನ ಮರ. ಕಾದಂಬರಿಯ ಜಮೀನ್ದಾರರ ಬಂಗಲೆಗಳಲ್ಲಿ ಬಾಗಿಲು, ಮೇಜು, ಮೆಟ್ಟಿಲು ಎಲ್ಲವೂ ಓಕ್. ಅದು ಮುಂಬಯಿಯ ನಮ್ಮ ಪುಟ್ಟ ಫ್ಲ್ಯಾಟಿಗೂ ಬಂದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬಂದದ್ದು ಅತ್ತೆಯವರ ದೆಸೆಯಿಂದ. ಹೋದ ವರ್ಷ, ಒರೆಸಿ ಇನ್ನೂ ಆರದ ಟೈಲ್ಸ್ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ವಯಸ್ಸು 83. ಆಪರೇಷನ್ ಆಯಿತು, ನಡೆದಾಡುವಂತೆಯೂ ಆಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. "ಅಜ್ಜಿಯ ಕೋಣೆಗೆ ಮರದ ನೆಲ ಹಾಕಿಸೋಣಮ್ಮ" ಎಂದ ಮಗ. ಸರಿ, ಅಂಗಡಿಗಳ ಅಲೆದಾಟ ಶುರುವಾಯಿತು. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

'ಓಕ್' ಎಂಬ ಹೆಸರಿನಲ್ಲಿ ಮೂರು ಬಗೆಯ ಸಾಮಾನು ತೋರಿಸುತ್ತಾರೆ. ಒಂದು ಲ್ಯಾಮಿನೇಟ್. ಅದರ ಮೇಲಿರುವುದು ಓಕ್ ಅಲ್ಲ, ಓಕ್‌ನ ಚಿತ್ರ ಅಚ್ಚಾದ ಕಾಗದ. ಎರಡನೆಯದು ಪೂರ್ತಿ ಓಕ್ ಹಲಗೆ. ಮೂರನೆಯದು ಎಂಜಿನಿಯರ್ಡ್, ಮೇಲೆ 3-4 ಮಿಲಿಮೀಟರ್ ನಿಜವಾದ ಓಕ್, ಕೆಳಗೆ ಅಡ್ಡ-ಉದ್ದ ಅಂಟಿಸಿದ ಪ್ಲೈವುಡ್ ಪದರಗಳು.

ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಓಕ್ ನಮ್ಮ ತೇಗಕ್ಕಿಂತ ತುಸು ಗಟ್ಟಿಯಾದರೂ ಈ ಹಿಗ್ಗು-ಕುಗ್ಗು ಅದಕ್ಕೆ ಹೆಚ್ಚು. ನೀರಿನ ವಿಷಯದಲ್ಲಿ ತೇಗದ ಮುಂದೆ ಯಾರೂ ಇಲ್ಲ. 1817ರಲ್ಲಿ ಮುಂಬಯಿಯ ವಾಡಿಯಾ ಮನೆತನದವರು ತೇಗದಿಂದ ಕಟ್ಟಿಕೊಟ್ಟ 'ಟ್ರಿಂಕೋಮಲಿ' ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ತೇಲುತ್ತಿದೆ! ಆದರೆ ಒಳ್ಳೆಯ ತೇಗದ ಬೆಲೆ ಕೇಳಿ ನಾವು ತೆಪ್ಪಗಾದೆವು.

ನಮ್ಮ ಕಟ್ಟಡದಲ್ಲೇ ಒಬ್ಬರು ಮೇ ತಿಂಗಳಲ್ಲಿ ಹಾಲಿಗೆ ಪೂರ್ತಿ ಓಕ್ ಹಾಕಿಸಿದ್ದರು. ಗೋಡೆಯಂಚಿಗೆ ಸಂದು ಬಿಟ್ಟಿರಲಿಲ್ಲ. ಜುಲೈ ಮಳೆಗೆ ಹಲಗೆಗಳು ಹಪ್ಪಳದಂತೆ ಉಬ್ಬಿ, ಬಾಲ್ಕನಿಯ ಬಾಗಿಲು ತೆರೆಯಲು ಬಾರದಾಯಿತು. ಎಂಜಿನಿಯರ್ಡ್ ಹಲಗೆಯಲ್ಲಿ ಪದರಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಅಷ್ಟು ಮಿಸುಕುವುದಿಲ್ಲ. ನಾವು ಅದನ್ನೇ ಆರಿಸಿದೆವು.

ನೀವು ಹಾಕಿಸುವುದಾದರೆ ಮೊದಲು ಕಾಂಕ್ರೀಟಿನ ತೇವ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಟೇಪು ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕಂಡರೆ ಕೆಲಸ ಮುಂದೂಡಿ. ಹಲಗೆಗಳು ಕೆಲವು ದಿನ ಅದೇ ಕೋಣೆಯಲ್ಲಿದ್ದು ಅಲ್ಲಿನ ಹವೆಗೆ ಹೊಂದಿಕೊಳ್ಳಲಿ. ಗೋಡೆಯಂಚಿಗೆ ಸುಮಾರು 10 ಮಿಲಿಮೀಟರ್ ಸಂದು ಬಿಡಿಸಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಕಬ್ಬಿಣದ ಮಂಚ, ಬೀರುಗಳ ಕಾಲಿಗೆ ರಬ್ಬರ್ ಹಾಕಿ. ಓಕ್‌ನಲ್ಲಿ ಟ್ಯಾನಿನ್ ಇದೆ, ಒದ್ದೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ.

ಇಷ್ಟೆಲ್ಲ ಮಾಡಿದರೂ ದೊಡ್ಡ ಪ್ರಶ್ನೆ ಉಳಿಯಿತು. ಬಕೆಟ್ಟುಗಟ್ಟಲೆ ನೀರಿನಲ್ಲಿ ಒರೆಸುವುದನ್ನು ನಮ್ಮ ಮನೆ ಬಿಟ್ಟೀತೇ? "ನೀರು ಕಾಣದ ನೆಲ ಶುದ್ಧವಾಗುತ್ತದೇನೇ?" ಎಂದರು ಅತ್ತೆ. ಕೆಲಸದ ಬಾಯಿಯೂ ಅವರ ಪಕ್ಷ. ಕೊನೆಗೆ ಒಂದು ತಿಂಗಳು ಆ ಕೋಣೆಯನ್ನು ನಾನೇ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ತೋರಿಸಿದೆ. ಒರೆಸುವಾಗಲೇ ಹೊಳೆದದ್ದು: ಅಂದು ಅತ್ತೆಯವರನ್ನು ಬೀಳಿಸಿದ್ದು ಟೈಲ್ಸ್ ಒಂದೇ ಅಲ್ಲ, ಅದರ ಮೇಲೆ ನಾವು ಬಿಟ್ಟ ನೀರೂ ಹೌದು. ಈಗ ಟೈಲ್ಸ್ ಇರುವ ಕೋಣೆಗಳಲ್ಲೂ ಬಟ್ಟೆ ಹಿಂಡಿಯೇ ಒರೆಸುತ್ತೇವೆ. ಓಕ್ ಹಾಕಿಸುವುದು ಎಲ್ಲರ ಕೈಲಾಗದು. ಬಟ್ಟೆ ಹಿಂಡಲು ದುಡ್ಡು ಬೇಕಿಲ್ಲ, ಅಲ್ಲವೇ?

ಮೊನ್ನೆ ಅತ್ತೆಯವರು ಮಂಚದಿಂದ ಕಿಟಕಿಯವರೆಗೆ ಗೋಡೆ ಹಿಡಿಯದೆ ನಡೆದು ಹೋದರು. "ತವರಿನ ಅಟ್ಟದ ಮೇಲೆ ನಡೆದ ಹಾಗಿದೆ ಕಣೇ" ಎಂದರು. ನಾನು ಏನೂ ಹೇಳಲಿಲ್ಲ, ಕಾಫಿ ತರಲು ಒಳಗೆ ಹೋದೆ.