ವೇಷವೂ ಉಡುಗೆಯೂ

ತುಂಗಭದ್ರೆಯ ದಂಡೆಯ ಹಲವಾಗಲು, ಇದ್ದಲ್ಲಿಯೇ ಇದ್ದುಕೊಂಡು ಹಲವು ವಿಳಾಸಗಳನ್ನು ಧರಿಸಿದ ಊರು. ಹರಪನಹಳ್ಳಿ ಸೀಮೆಯು 1953ರಲ್ಲಿ ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಯ ಪಾಲಾಯಿತು. 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸಂದಿತು. ಸರ್ಕಾರದ ಕಾಗದದಲ್ಲಿ ಏನು ಬದಲಾದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ಈ ಸೀಮೆಗಿರುವ ನಂಟು ಸಡಿಲಲಿಲ್ಲ. ಅದೇ ಬಯಲಾಟ, ಅದೇ ನಾಟಕದ ಹುಚ್ಚು, ಅದೇ ಜಾತ್ರೆಗಳ ಸುತ್ತು. ಈ ಮೂರರಲ್ಲಿಯೂ ಒಂದು ದೃಶ್ಯವನ್ನು ಇಲ್ಲಿಯ ಜನ ತಲೆತಲಾಂತರದಿಂದ ಕಂಡಿದ್ದಾರೆ: ಗಂಡಾಗಿ ಹುಟ್ಟಿದವರು ಸೀರೆಯುಟ್ಟು, ಬಳೆ ತೊಟ್ಟು, ಹೂ ಮುಡಿದು ಊರಿನ ಮುಂದೆ ನಿಲ್ಲುವುದು. ಆ ಸೀರೆಗೆ ಒಂದು ಕಡೆ ಚಪ್ಪಾಳೆಯೂ ಇನ್ನೊಂದು ಕಡೆ ಅಪಹಾಸ್ಯವೂ ಏಕೆ ದೊರೆತವೆಂಬುದು ಇಂದು ವಿಚಾರಿಸತಕ್ಕ ಸಂಗತಿ.

ಮೊದಲು ಬಯಲಾಟ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಅಟ್ಟ ಕಟ್ಟಿ ಬೆಳತನಕ ಆಡುವ ದೊಡ್ಡಾಟದಲ್ಲಿ ದ್ರೌಪದಿ, ಸುಭದ್ರೆಯರೆಲ್ಲರೂ ಒಕ್ಕಲುಮಕ್ಕಳೇ. ಮೀಸೆ ತೆಗೆಸಲು ಒಪ್ಪುವ, ಕಂಠ ಇನ್ನೂ ಒಡೆಯದ ಹುಡುಗನನ್ನು ಮಾಸ್ತರರು ಮೊದಲೇ ಗುರುತಿಸಿಕೊಳ್ಳುತ್ತಿದ್ದರು. ಕೀಚಕವಧೆಯ ಪ್ರಸಂಗವನ್ನೇ ನೋಡಿರಿ. ಸೈರಂಧ್ರಿಯಾಗಿ ಸೀರೆಯುಟ್ಟವನು ಗಂಡಸು. ಅವಳ ಬದಲಿಗೆ ಸೆರಗು ಹೊದ್ದು ಕತ್ತಲ ನಾಟ್ಯಶಾಲೆಯಲ್ಲಿ ಕುಳಿತ ಭೀಮನೂ ಗಂಡಸು. ಉತ್ತರೆಗೆ ನೃತ್ಯ ಕಲಿಸುವ ಬೃಹನ್ನಳೆಯೂ ಗಂಡಸೇ. ಒಂದು ಸೀರೆಯನ್ನು ಹೆಣ್ಣೆಂದು ನಂಬಬೇಕು, ಇನ್ನೊಂದನ್ನು ಕಪಟವೆಂದು ತಿಳಿದು ನಗಬೇಕು, ಮೂರನೆಯದನ್ನು ಎರಡೂ ಅಲ್ಲವೆಂದು ಗೌರವಿಸಬೇಕು. ಕಂಬಳಿ ಹೊದ್ದು ಕುಳಿತ ಪ್ರೇಕ್ಷಕನು ಯಾವ ಗೊಂದಲವೂ ಇಲ್ಲದೆ ಮೂರನ್ನೂ ಬಿಡಿಸಿಕೊಳ್ಳುತ್ತಾನೆ. ಹೆಣ್ಣು-ಗಂಡೆಂಬ ಭೇದದ ಸೂಕ್ಷ್ಮಗಳು ಹಳ್ಳಿಗರಿಗೆ ತಿಳಿಯವೆನ್ನುವ ಪಂಡಿತರು ಒಂದು ರಾತ್ರಿ ನಿದ್ದೆಗೆಟ್ಟು ಈ ಆಟವನ್ನು ನೋಡುವುದು ಒಳ್ಳೆಯದು. ಇರಲಿ, ಬೆಳಗಾದೊಡನೆ ದ್ರೌಪದಿ ಬಣ್ಣ ತೊಳೆದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾಳೆಂಬುದನ್ನು ಮಾತ್ರ ಮರೆಯಬಾರದು.

ಕಂಪನಿ ನಾಟಕಗಳ ಕಥೆಯೂ ಬಹುಮಟ್ಟಿಗೆ ಇದೇ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಸ್ತ್ರೀಪಾತ್ರಗಳಲ್ಲಿ ಉಟ್ಟ ಸೀರೆ, ತೊಟ್ಟ ಒಡವೆಗಳನ್ನು ಮನೆತನಸ್ಥ ಹೆಂಗಸರೇ ಅನುಕರಿಸಿದರು. 1964ರಲ್ಲಿ ರಾಷ್ಟ್ರವು ಅವರಿಗೆ ಪದ್ಮಭೂಷಣವನ್ನಿತ್ತಿತು. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷವು ಇಂದಿಗೂ ಒಂದು ಪ್ರೌಢ ವಿದ್ಯೆ. ಮಂಟಪ ಪ್ರಭಾಕರ ಉಪಾಧ್ಯಾಯರು ಏಕವ್ಯಕ್ತಿ ಪ್ರಯೋಗಗಳಲ್ಲಿ ಪುರಾಣದ ನಾಯಿಕೆಯರನ್ನು ರಂಗಕ್ಕೆ ತಂದಿದ್ದಾರೆ. ಆದರೆ ಬಳ್ಳಾರಿಯ ಸೀಮೆಯಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ವಕೀಲರೂ ನಟರೂ ಆಗಿದ್ದ ಬಳ್ಳಾರಿ ರಾಘವರು (1880–1946) ಹೆಣ್ಣಿನ ಪಾತ್ರವನ್ನು ಹೆಣ್ಣೇ ವಹಿಸಬೇಕೆಂದು ಹಟ ಹಿಡಿದರು. ಕಾಲಕ್ರಮದಲ್ಲಿ ಮರಿಯಮ್ಮನಹಳ್ಳಿಯಂಥ ಊರುಗಳ ನಟಿಯರನ್ನು ಹಳ್ಳಿಯ ಹವ್ಯಾಸಿ ತಂಡಗಳು ಸಂಭಾವನೆ ಕೊಟ್ಟು ಕರೆಸತೊಡಗಿದವು. ಅತ್ತ ಆರ್. ನಾಗರತ್ನಮ್ಮನವರು (1926–2012) 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ಕಂಸನಾಗಿ, ಭೀಮನಾಗಿ ಮೀಸೆ ತಿರುವಿದರು. ರಂಗದ ಮೇಲೆ ಹೆಣ್ಣು ಗಂಡಾದುದನ್ನೂ ಗಂಡು ಹೆಣ್ಣಾದುದನ್ನೂ ಕನ್ನಡಿಗನು ಸಮನಾಗಿ ಸವಿದಿದ್ದಾನೆ. ವೇಷವು ಚೌಕಿಯಲ್ಲಿಯೇ ಉಳಿಯುವುದೆಂಬ ಭರವಸೆ ಅವನಿಗಿತ್ತು.

ಆ ಭರವಸೆಯನ್ನು ಕೊಡದವರು ಜೋಗತಿಯರು, ಜೋಗಪ್ಪಗಳು. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮ, ಹರಪನಹಳ್ಳಿ ತಾಲ್ಲೂಕಿನದೇ ಆದ ಉಚ್ಚಂಗಿದುರ್ಗದ ಉಚ್ಚಂಗೆಮ್ಮ: ಈ ಶಕ್ತಿಪೀಠಗಳ ಜಾತ್ರೆಗೆ ಹೋದವರೆಲ್ಲರೂ ಅವರನ್ನು ಕಂಡಿರಬೇಕು. ತಲೆಯ ಮೇಲೆ ದೇವಿಯ ಕೊಡ, ಹಣೆಗೆ ಭಂಡಾರ, ಕೈಯಲ್ಲಿ ಚೌಡಿಕೆ. ಕೊಡವನ್ನು ಕೈಬಿಟ್ಟು ಹೊತ್ತು, ಬಗ್ಗಿ, ತಿರುಗಿ ಕುಣಿಯುವ ಆ ನೃತ್ಯಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ದೀಕ್ಷೆಯ ದಿನ ಉಡಿದಾರವನ್ನು ಹರಿದು, ಮುತ್ತು ಕಟ್ಟಿ, ಸೀರೆ ಬಳೆಗಳನ್ನು ಕೊಡುತ್ತಾರೆ. ಗಂಡುಮಗುವಿನ ಸೊಂಟಕ್ಕೆ ಎಳವೆಯಲ್ಲಿ ಕಟ್ಟಿದ ದಾರ ಅಲ್ಲಿಗೆ ಕಡಿಯಿತು. ಇದರಾಚೆಗೆ ಆ ಸೀರೆಯನ್ನು ಬಿಚ್ಚಿಡಲು ಯಾವ ಚೌಕಿಯೂ ಇಲ್ಲ. ಹೊಸ್ತಿಲ ಹುಣ್ಣಿಮೆಯಂದು ಎಲ್ಲಮ್ಮನಿಗೆ ವೈಧವ್ಯ ಬಂದಿತೆಂದು ಸವದತ್ತಿಯಲ್ಲಿ ಬಳೆ ಒಡೆದುಕೊಳ್ಳುವರು; ಭರತ ಹುಣ್ಣಿಮೆಗೆ ದೇವಿ ಮರಳಿ ಮುತ್ತೈದೆಯಾದಳೆಂದು ಹೊಸ ಬಳೆ ಇಟ್ಟುಕೊಳ್ಳುವರು. ನಡುವಣ ಬರಿಗೈಯ ದಿನಗಳ ಶೋಕವನ್ನು ಅಭಿನಯವೆಂದು ಕರೆಯುವ ಧೈರ್ಯ ಯಾರಿಗಿದೆ?

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಇದೇ ಮುತ್ತು ಬಡವರ, ದಲಿತರ ಮನೆಯ ಹೆಣ್ಣುಮಕ್ಕಳ ಕೊರಳಿಗೆ ಉರುಳಾಗಿ ಬಿದ್ದಿತು. 1982ರ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಗೆ ಕಾರಣವಾದ ಆ ಅನ್ಯಾಯದ ಭೂಪಟದಲ್ಲಿ ಉಚ್ಚಂಗಿದುರ್ಗವೂ ಇತ್ತು. ಜೋಗತಿಯರ ಪರಂಪರೆಯನ್ನು ಹೊಗಳುವ ಉತ್ಸಾಹದಲ್ಲಿ ಇದನ್ನು ಮರೆಮಾಚುವವರ ಮಾತು ನನಗೆ ಒಪ್ಪಿಗೆಯಾಗದು. ಒಬ್ಬಳಿಗೆ ಸಂಕೋಲೆಯಾದ ಮುತ್ತು ಇನ್ನೊಬ್ಬರಿಗೆ, ಗಂಡುಡುಗೆಯಲ್ಲಿ ಉಸಿರುಗಟ್ಟಿದವರಿಗೆ, ಊರಿನಲ್ಲಿ ತೆರೆದಿದ್ದ ಒಂದೇ ಬಾಗಿಲಾಗಿತ್ತು. ಆ ಬಾಗಿಲಿನಾಚೆ ಅವರಿಗಾಗಿ ಕಾದಿದ್ದುದು ಭಿಕ್ಷೆ.

ಕಾನೂನು ಈ ಸೀರೆಯನ್ನು ಯಾವ ಕಣ್ಣಿನಿಂದ ನೋಡಿತು? 1871ರಲ್ಲಿ ಬ್ರಿಟಿಷರು ಉತ್ತರ ಹಿಂದೂಸ್ತಾನಕ್ಕೆಂದು ಮಾಡಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ತನ್ನ ಪಟ್ಟಿಗೆ ಸೇರಿದ ನಪುಂಸಕರು ಬೀದಿಯಲ್ಲಿ ಹೆಣ್ಣಿನಂತೆ ಉಟ್ಟು ತೊಟ್ಟರೆ, ಕುಣಿದರೆ, ವಾದ್ಯ ನುಡಿಸಿದರೆ ಎರಡು ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. 1919ರಲ್ಲಿ ಹೈದರಾಬಾದ್ ಸಂಸ್ಥಾನವೂ ಇಂಥದೇ ಶಾಸನವನ್ನು ಹೊರಡಿಸಿತು. ನದಿಯಾಚೆಯ ಹುಲಿಗಿ ಅಂದು ನಿಜಾಮರ ಆಳ್ವಿಕೆಯಲ್ಲಿತ್ತು. ಒಂದೇ ಸಂಸ್ಥಾನದಲ್ಲಿ ದೇವಿಯ ಸನ್ನಿಧಿಯ ಸೀರೆ ದೀಕ್ಷೆಯ ಗುರುತು. ಪೊಲೀಸರ ಪಟ್ಟಿಯಲ್ಲಿದ್ದವರ ಮೈಮೇಲಿನ ಸೀರೆ ಅಪರಾಧದ ಗುರುತು! ಆ ಶಾಸನವನ್ನು ತೆಲಂಗಾಣ ಹೈಕೋರ್ಟು ಅಸಿಂಧುಗೊಳಿಸಿದ್ದು 2023ರಲ್ಲಿ. ನಾವೇನೂ ಹಿಂದೆ ಬಿದ್ದಿರಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ನಪುಂಸಕರ ಹೆಸರು-ವಿಳಾಸಗಳ ಪಟ್ಟಿ ಇಡುವ ಅಧಿಕಾರವನ್ನು ಕೊಡಲಾಯಿತು. 1871ರ ಭಾಷೆ 140 ವರ್ಷಗಳ ಬಳಿಕ ವಿಧಾನಸೌಧದಲ್ಲಿ ಮರುಹುಟ್ಟು ಪಡೆಯಿತು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಆ ಪದವನ್ನು ಕೈಬಿಟ್ಟು 'ವ್ಯಕ್ತಿ' ಎಂದು ತಿದ್ದಲಾಯಿತು.

ಈ ನಡುವೆ, 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಗಮನಾರ್ಹ. ತಾನು ಯಾರೆಂಬುದನ್ನು ಉಡುಗೆ, ಮಾತು, ನಡವಳಿಕೆಗಳಿಂದ ತೋರಿಸಿಕೊಳ್ಳುವುದು ಸಂವಿಧಾನದ 19ನೆಯ ವಿಧಿ ಕೊಟ್ಟಿರುವ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಕವಿಯ ಪದ್ಯಕ್ಕೂ ಪತ್ರಿಕೆಯ ಅಗ್ರಲೇಖನಕ್ಕೂ ಇರುವ ರಕ್ಷಣೆ ಒಂದು ಸೀರೆಗೂ ದೊರೆಯಿತೆಂದಾಯಿತು.

ಐದು ವರ್ಷಗಳ ಬಳಿಕ, 2019ರಲ್ಲಿ, ಹೊಸಪೇಟೆ-ಹಗರಿಬೊಮ್ಮನಹಳ್ಳಿ ದಾರಿಯ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಕಾಳವ್ವ ಜೋಗತಿಯಿಂದ ನೃತ್ಯ ಕಲಿತ ಅವರ ಬದುಕಿನ ಕಥೆ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಬಂದಿತು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ಹುಲಿಗಿಯ ಜಾತ್ರೆಯ ಒಂದು ಆಶೀರ್ವಾದದ ರೀತಿ ದೆಹಲಿಯ ದರ್ಬಾರ್ ಹಾಲನ್ನು ಹೊಕ್ಕಿತು. ಶಿಷ್ಟಾಚಾರದ ಅಧಿಕಾರಿಗಳಿಗೆ ಹೇಗನಿಸಿತೋ ತಿಳಿಯದು, ಸಭೆಯಂತೂ ಚಪ್ಪಾಳೆ ತಟ್ಟಿತು.

ನನ್ನ ಅಳುಕು ಆ ಚಪ್ಪಾಳೆಯ ವಿಷಯವಾಗಿಯೇ. ಜೋಗತಿ ನೃತ್ಯವು ಉತ್ಸವಗಳ, ವಿಶ್ವವಿದ್ಯಾಲಯಗಳ ವೇದಿಕೆಯನ್ನೇರಿದೆ. ಏರಲೇಬೇಕು, ಭಿಕ್ಷೆಗಿಂತ ಸಂಭಾವನೆ ಮೇಲು. ಆದರೆ ವೇದಿಕೆಗೆ ಒಂದು ಹಳೆಯ ಚಾಳಿಯಿದೆ. ತನ್ನ ಮೇಲೆ ಬಂದ ಸೀರೆಯನ್ನೆಲ್ಲ ಅದು ವೇಷವನ್ನಾಗಿಸುತ್ತದೆ. ಹತ್ತು ನಿಮಿಷದ ಕುಣಿತಕ್ಕೆ ಶಾಲು ಹೊದಿಸಿ ಕಳುಹಿಸಿದ ಸಂಘಟಕರು, ಅದೇ ಕಲಾವಿದೆ ಬಾಡಿಗೆ ಮನೆ ಕೇಳಿದಾಗ ಬೇರೆ ಮಾತಾಡಿದರೆ, ಅವರು ಕಂಡದ್ದು ಬಯಲಾಟದ ದ್ರೌಪದಿಯನ್ನೇ ಹೊರತು ಎದುರಿಗಿದ್ದ ಮನುಷ್ಯರನ್ನಲ್ಲ. ಕುಣಿಯಲು ಬಾರದ, ಹಾಡಲು ಕಂಠವಿಲ್ಲದ ಜೋಗತಿಯೂ ಇದ್ದಾರಷ್ಟೆ. ಪ್ರಶಸ್ತಿಯ ಬೆಳಕು ಅವರವರೆಗೆ ತಲುಪುವುದಿಲ್ಲ.

ರಾಜ್ಯ ಸರ್ಕಾರವು 2021ರಲ್ಲಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರ ಮೀಸಲಾತಿಯನ್ನು ವಿಧಿಸಿತು. ಹಲವಾಗಲಿನಿಂದಲೋ ಮೈಲಾರದಿಂದಲೋ ಒಬ್ಬರು ಸೀರೆಯುಟ್ಟು, ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಕಿಟಕಿಗೆ ಬಂದರೆನ್ನಿರಿ. ಅವರ ತಲೆಯ ಮೇಲೆ ಕೊಡವಿರುವುದಿಲ್ಲ, ಕೈಯಲ್ಲಿ ಚೌಡಿಕೆಯಿರುವುದಿಲ್ಲ. ಅವರನ್ನು ಏನೆಂದು ಕರೆಯಬೇಕೆಂಬುದನ್ನು ಕಿಟಕಿಯ ಆಚೆ ಕುಳಿತ ಗುಮಾಸ್ತರು ಆಗ ನಿರ್ಧರಿಸಬೇಕಾಗುತ್ತದೆ.